ಶಾಂತಿ ಸಭೆಗೆ ಯಾರನ್ನು ಕರೆಯುತ್ತೇವೆ?



ಊರಲ್ಲಿ ಗಲಾಟೆಯಾದರೆ ನಮ್ಮಲ್ಲಿ ಶಾಂತಿ ಸಭೆ ಸೇರುತ್ತದೆ. ಗಣೇಶನ ಮೆರವಣಿಗೆಗೆ ಮುಂಚೆ, ದೇವಸ್ಥಾನದ ಬಾಗಿಲಲ್ಲಿ ತಕರಾರು ಎದ್ದಾಗ, ಬ್ಯಾನರ್ ಹರಿದ ಮರುದಿನ ತಹಶೀಲ್ದಾರರೋ ಇನ್‌ಸ್ಪೆಕ್ಟರರೋ ಕರೆಯುವ ಸಭೆ. ಕರೆ ಹೋಗುವುದು ಆಯಾ ಜನಾಂಗದ ಯಜಮಾನರಿಗೆ, ಮುಖಂಡರಿಗೆ. ಅವರು ಬರುತ್ತಾರೆ, ಮಾತಾಡುತ್ತಾರೆ, ಸಹಿ ಹಾಕಿ ಏಳುತ್ತಾರೆ. ಸಾಮಾನ್ಯವಾಗಿ ಅವರೆಲ್ಲ ಗಂಡಸರು. ಅಂತರರಾಷ್ಟ್ರೀಯ ಶಾಂತಿ ನೀತಿ ಎಂಬ ದೊಡ್ಡ ವಿಷಯವನ್ನು ನಾನು ಈ ಸಣ್ಣ ಸಭೆಯಿಂದ ನೋಡಲು ಹೊರಟಿದ್ದೇನೆ. ಆ ನೀತಿ ಹಳ್ಳಿಗೆ ಬಂದು ಮುಟ್ಟುವುದಾದರೆ ಮುಟ್ಟಬೇಕಾದ ಜಾಗ ಇದೇ ಎಂಬುದು ನನ್ನ ದೃಢ ನಂಬಿಕೆ.

2000ದ ಅಕ್ಟೋಬರ್ 31ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1325ನೇ ನಿರ್ಣಯ ಅಂಗೀಕರಿಸಿತು. ಯುದ್ಧದ ಏಟು ತಿನ್ನುವ ಹೆಂಗಸರು ಸಂಧಾನದ ಮೇಜಿನಲ್ಲೂ ಇರಬೇಕು ಎಂದಿತು. ಇದಕ್ಕೆ 13 ವರ್ಷ ಮೊದಲೇ, 1987ರ ಚುನಾವಣೆಯಲ್ಲಿ, ಕರ್ನಾಟಕ ತನ್ನ ಮಂಡಲ ಪಂಚಾಯ್ತಿಗಳಲ್ಲಿ ಶೇ 25ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಿಟ್ಟಿತ್ತು. ಇವತ್ತಿನ ಗ್ರಾಮ ಪಂಚಾಯ್ತಿಗಳಲ್ಲಿ ಆ ಪಾಲು ಅರ್ಧಕ್ಕೆ ಬಂದಿದೆ. ಅಂದಮೇಲೆ ಕೊರತೆ ಎಲ್ಲಿ? ರಸ್ತೆ, ಚರಂಡಿ, ನರೇಗಾ ಕೂಲಿಯ ಲೆಕ್ಕಕ್ಕೆ ಹೆಂಗಸರನ್ನು ಕೂರಿಸಿದ್ದೇವೆ. ಊರು ಒಡೆದಾಗ ಅದನ್ನು ಕೂಡಿಸುವ ಸಭೆಗೆ ಮಾತ್ರ ಅದೇ ಪಂಚಾಯ್ತಿ ಸದಸ್ಯೆಗೆ ಕರೆ ಹೋಗುವುದಿಲ್ಲ. ಆ ಸಭೆಯಲ್ಲಿ ಮೀಸಲು ಸ್ಥಾನವೂ ಇಲ್ಲ.

ನಂಜನಗೂಡು ತಾಲ್ಲೂಕಿನ ಬದನವಾಳುವನ್ನು ನೆನೆಯದೆ ಶಾಂತಿಯ ಮಾತು ಪೂರ್ತಿಯಾಗದು. 1993ರ ಮಾರ್ಚಿನಲ್ಲಿ, ದೇವಾಲಯ ಪ್ರವೇಶದ ವಿವಾದದ ಬೆನ್ನಿಗೆ, ಅಲ್ಲಿ ಮೂವರು ದಲಿತರ ಕೊಲೆಯಾಯಿತು. ಎರಡು ಕೇರಿಗಳ ನಡುವಿನ ದಾರಿ ಮುಚ್ಚಿಹೋಯಿತು. ಹೆಣ್ಣುಮಕ್ಕಳು ನೂಲುತ್ತಿದ್ದ ಖಾದಿ ಕೇಂದ್ರ ಸೊರಗಿತು. ಆ ದಾರಿ ಮತ್ತೆ ತೆರೆದದ್ದು 2022ರ ಅಕ್ಟೋಬರ್ 2ರಂದು, ಭಾರತ್ ಜೋಡೋ ಯಾತ್ರೆ ಅಲ್ಲಿಗೆ ಬಂದಾಗ. ಎರಡೂ ಕಡೆಯವರು ಅಂದು ಒಟ್ಟಿಗೆ ಕೂತು ಊಟ ಮಾಡಿದರು. ನಡುವೆ 29 ವರ್ಷ ಕಳೆದಿದ್ದವು. ದಾರಿ ಮುಚ್ಚಿದರೆ ದಿನವೂ ಸುತ್ತು ಬಳಸಿ ನಡೆಯುವವರು ಹೆಂಗಸರು, ಮಕ್ಕಳು. ಕೇಂದ್ರ ಸೊರಗಿದರೆ ಕೂಲಿ ತಪ್ಪುವುದೂ ಅವರಿಗೇ. ಇಂಥ ನಷ್ಟವನ್ನು ಕೊಲೆ ಮೊಕದ್ದಮೆಯ ಕಡತ ಬರೆದುಕೊಳ್ಳುವುದಿಲ್ಲ. ಶಾಂತಿ ಸಭೆಯಲ್ಲಿ ಆ ಹೆಂಗಸರು ಇದ್ದರೆ ಮೊದಲ ದಿನವೇ ಕೇಳುತ್ತಾರೆ: ದಾರಿ ಯಾವತ್ತು ಬಿಡ್ತೀರಿ, ಕೆಲಸ ಯಾವತ್ತು ಶುರು?

ಇದೇ ನೆಲದ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯಲ್ಲಿ ಮೇಲ್ಜಾತಿಯ ಹೆಣ್ಣಿನ ಒಲವಿಗೆ ದಲಿತ ಯುವಕ ಚನ್ನ ಜೀವ ತೆರುತ್ತಾನೆ. ಜಾತಿಯ ಗಡಿಯನ್ನು ಹೆಣ್ಣಿನ ಮೈಮೇಲೆ ಕಾಯುತ್ತಾರೆ ಎಂಬುದು ಈ ಸೀಮೆಗೆ ಹೊಸ ಸಂಶೋಧನೆಯಲ್ಲ. ಬೇರೆ ಜಾತಿಯವರನ್ನು ಮದುವೆಯಾದ ಮಕ್ಕಳ ಮನೆಗೆ ದಂಡ, ಬಹಿಷ್ಕಾರ ಹಾಕುವ ಕಟ್ಟೆಯೂ ಯಜಮಾನರದ್ದೇ, ಶಾಂತಿ ಸಭೆಗೆ ಹೋಗುವವರೂ ಅದೇ ಯಜಮಾನರು ಎಂಬುದು ನನ್ನನ್ನು ಬಹಳ ಕಾಡುತ್ತದೆ. ಆದರೆ 2018ರ ಶಕ್ತಿ ವಾಹಿನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ವಯಸ್ಕರಿಬ್ಬರ ಒಪ್ಪಿಗೆಯ ಮದುವೆಗೆ ಮನೆಯವರ, ಜಾತಿಯವರ ಅನುಮತಿ ಬೇಕಿಲ್ಲ ಎಂದಿದೆ.

ಇನ್ನು, ಕರೆಯ ಪಟ್ಟಿಯಲ್ಲಿ ಹೆಸರೇ ಇಲ್ಲದವರ ವಿಚಾರ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡೂ ಅಲ್ಲದ ‘ಇತರೆ’ ಕಾಲಮಿನಲ್ಲಿ ಕರ್ನಾಟಕದ 20,266 ಜನ ದಾಖಲಾದರು. ಅದೇ ವರ್ಷ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಮು ಸೇರಿತು. ಹಿಜಡಾ ಸಮುದಾಯದವರನ್ನು ಶಂಕಿತರೆಂದು ರಿಜಿಸ್ಟರಿನಲ್ಲಿ ಬರೆದಿಡುವ ಅಧಿಕಾರವನ್ನು ಅದು ಪೊಲೀಸರಿಗೆ ಕೊಟ್ಟಿತು. ಹೋರಾಟ, ಹೈಕೋರ್ಟಿನ ಮೊಕದ್ದಮೆ ನಡೆದು, 2016ರಲ್ಲಿ ಆ ಸಮುದಾಯದ ಹೆಸರು ಕಲಮಿನಿಂದ ಹೋಯಿತು. ಊರಿನ ಶಾಂತಿಗೆ ಇವರೇ ಅಪಾಯ ಎಂದು ಒಂದು ಕಾನೂನು ಬರೆದಿತ್ತೆಂಬುದನ್ನು ನಾವು ಮರೆಯಬಾರದು. ಆ ಕಲಮು ಸೇರುವ ಹೊತ್ತಿಗೆ, ಲೈಂಗಿಕ ಒಲವು ಮತ್ತು ಲಿಂಗತ್ವದ ವಿಚಾರದಲ್ಲಿ ಮಾನವ ಹಕ್ಕುಗಳನ್ನು ವಿವರಿಸುವ 2006ರ ಯೋಗ್ಯಕರ್ತಾ ತತ್ವಗಳು ಬಂದು ಐದು ವರ್ಷವಾಗಿತ್ತು. ಅವುಗಳನ್ನು ಉಲ್ಲೇಖಿಸಿಯೇ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಒಪ್ಪಿತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ 2019ರ ಕಾಯ್ದೆ ಅದಕ್ಕೆ ಜಿಲ್ಲಾಧಿಕಾರಿಯ ಪ್ರಮಾಣಪತ್ರ ಕೇಳಿತು.

ಹೊರಗೂ ದಾರಿ ಸಲೀಸಾಗಿಲ್ಲ. 2016ರಲ್ಲಿ ಜಿನೀವಾದ ಮಾನವ ಹಕ್ಕುಗಳ ಮಂಡಳಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ಹಿಂಸೆಯನ್ನು ಗಮನಿಸಲು ಸ್ವತಂತ್ರ ತಜ್ಞರನ್ನು ನೇಮಿಸುವಾಗ ಭಾರತ ತಟಸ್ಥವಾಗಿ ಕೂತಿತು. ಅದೇ ವರ್ಷ ಕೊಲಂಬಿಯಾದಲ್ಲಿ ಸರ್ಕಾರ ಮತ್ತು ಬಂಡುಕೋರರ ನಡುವಿನ ಶಾಂತಿ ಒಪ್ಪಂದದಲ್ಲಿ ಮಹಿಳೆಯರ ಜತೆಗೆ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳೂ ಸೇರಿದ್ದವು. ವಿರೋಧಿಗಳು ಆ ಸಾಲುಗಳನ್ನೇ ತೋರಿಸಿ ಜನರನ್ನು ಹೆದರಿಸಿದರು, ಜನಮತಗಣನೆಯಲ್ಲಿ ಒಪ್ಪಂದ ಕೂದಲೆಳೆಯಲ್ಲಿ ಸೋತಿತು. ತಿದ್ದಿದ ಒಪ್ಪಂದದಲ್ಲಿ ಆ ಮಾತು ತೆಳುವಾದರೂ ಉಳಿಯಿತು. ಉಳಿದದ್ದಕ್ಕೆ ಕಾರಣ, ಆ ಒಪ್ಪಂದಕ್ಕಾಗಿ ಹವಾನಾದಲ್ಲಿ ನಡೆದ ಮಾತುಕತೆಯಲ್ಲಿ ಮಹಿಳೆಯರ, ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆಗಳ ಮಾತು ಕೇಳಲು ಒಂದು ಉಪಸಮಿತಿ ಇದ್ದದ್ದು ಎಂದು ನಾನು ತಿಳಿದಿದ್ದೇನೆ.

ನಮಗೆ ಅಷ್ಟು ದೂರ ಹೋಗಬೇಕಿಲ್ಲ. ಮೈಸೂರಿನ ಆಶೋದಯ ಸಮಿತಿಯಲ್ಲಿ ಲೈಂಗಿಕ ಕಾರ್ಯಕರ್ತರಾದ ಮಹಿಳೆಯರು, ಪುರುಷರು, ಲಿಂಗತ್ವ ಅಲ್ಪಸಂಖ್ಯಾತರು ಒಟ್ಟಿಗೆ ಸಂಘಟಿತರಾಗಿ, ಪೊಲೀಸರ ಮತ್ತು ರೌಡಿಗಳ ಹಿಂಸೆಗೆ ತಾವೇ ಮುಂದೆ ನಿಂತು ಪರಿಹಾರ ಹುಡುಕಿದ್ದಾರೆ. ಸಂಧಾನ ಬಲ್ಲವರು ಬಸ್ಸಿನಲ್ಲಿ ಒಂದು ಗಂಟೆಯ ದೂರದಲ್ಲೇ ಇದ್ದಾರೆ.

ಆದ್ದರಿಂದ ಗೋಷ್ಠಿಗಳಿಗೆ ನನ್ನದು ಒಂದು ಕೋರಿಕೆ. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಹಿಂದಿನ ಹತ್ತು ವರ್ಷ ನಡೆದ ಶಾಂತಿ ಸಭೆಗಳ ನೋಟಿಸು, ಹಾಜರಾತಿ, ನಡವಳಿಗಳನ್ನು ಮಾಹಿತಿ ಹಕ್ಕಿನಡಿ ಕೇಳೋಣ. ಯಾರನ್ನು ಕರೆದರು, ಯಾರು ಸಹಿ ಹಾಕಿದರು ಎಂದು ವಿದ್ಯಾರ್ಥಿಗಳು ಪಟ್ಟಿ ಮಾಡಲಿ. ಆ ಪಟ್ಟಿ ಹಿಡಿದು, ಗ್ರಾಮ ಪಂಚಾಯ್ತಿಯ ಮಹಿಳಾ ಸದಸ್ಯರನ್ನೂ ಲಿಂಗತ್ವ ಅಲ್ಪಸಂಖ್ಯಾತರ ಪ್ರತಿನಿಧಿಯನ್ನೂ ಕಡ್ಡಾಯವಾಗಿ ಕರೆಯುವ ಸುತ್ತೋಲೆ ಹೊರಡಿಸಿ ಎಂದು ಜಿಲ್ಲಾಧಿಕಾರಿಯವರಲ್ಲಿ ಒತ್ತಾಯಿಸೋಣ. ಅರ್ಜಿಯ ಕರಡು ಬರೆದು ತಂದಿದ್ದೇನೆ. ವಕೀಲ ಮಿತ್ರರು ಮೊದಲ ಗೋಷ್ಠಿಯಲ್ಲೇ ಅದನ್ನು ತಿದ್ದಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.