ಗೆದ್ದಾಗ ಮಾತ್ರ ನಮ್ಮವನೆ? ಲಿಲಿಯನ್ ತುರಾಮ್: ಆಟ ಮತ್ತು ಪೌರತ್ವ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಪಠ್ಯ)



ಸಾಹಿತ್ಯ, ಸಂಗೀತ, ನಾಡು-ನುಡಿಗಳ ವಿಚಾರವೇ ಹೆಚ್ಚಾಗಿ ನಡೆಯುವ ಈ ವೇದಿಕೆಯಲ್ಲಿ ಒಬ್ಬ ಫುಟ್‌ಬಾಲ್ ಆಟಗಾರನನ್ನು ಕುರಿತು ಮಾತನಾಡಲು ನಿಂತಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನಾನು ಆಯ್ದುಕೊಂಡಿರುವ ಲಿಲಿಯನ್ ತುರಾಮ್ ಎಂಬ ಫ್ರೆಂಚ್ ಆಟಗಾರನ ವೃತ್ತಿಜೀವನವು ಆಟದ ಅಂಕಣಕ್ಕಷ್ಟೇ ಸೇರಿದ್ದಲ್ಲ. ಒಂದು ನಾಡಿನಲ್ಲಿ ‘ನಮ್ಮವರು’ ಯಾರು, ‘ಹೊರಗಿನವರು’ ಯಾರು, ಅದನ್ನು ನಿರ್ಧರಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನು ಅದು ಮೂರು ದಶಕಗಳಿಂದ ಎತ್ತುತ್ತ ಬಂದಿದೆ. ಹೊರನಾಡಿನಲ್ಲಿ ನೆಲೆಸಿದ ನಮಗೆ ಈ ಪ್ರಶ್ನೆ ಹೊಸದೇನಲ್ಲ.

ತುರಾಮ್ ಹುಟ್ಟಿದ್ದು 1972ರ ಜನವರಿ 1ರಂದು, ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ. ಈ ದ್ವೀಪ ಪ್ಯಾರಿಸ್‌ನಿಂದ ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದರೂ ಕಾನೂನಿನ ಪ್ರಕಾರ ಫ್ರಾನ್ಸಿನದೇ ಭಾಗ. ಅಲ್ಲಿಯ ಕಬ್ಬಿನ ತೋಟಗಳಲ್ಲಿ ದುಡಿಯಲೆಂದು ಆಫ್ರಿಕಾದಿಂದ ಸೆರೆಹಿಡಿದು ತಂದವರ ಸಂತತಿಯವರು 1848ರಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದರು. 1946ರಲ್ಲಿ ದ್ವೀಪವು ಫ್ರಾನ್ಸಿನ ಒಂದು ಜಿಲ್ಲೆಯ ಸ್ಥಾನಮಾನ ಪಡೆಯಿತು. ಆದ್ದರಿಂದ ತುರಾಮ್ ಯಾವ ಅರ್ಥದಲ್ಲಿಯೂ ವಲಸೆ ಬಂದ ಪರದೇಶಿಯಲ್ಲ, ಹುಟ್ಟಿನಿಂದಲೇ ಫ್ರೆಂಚ್ ಪ್ರಜೆ. ಐವರು ಮಕ್ಕಳನ್ನು ಒಬ್ಬಳೇ ಸಾಕಿದ ತಾಯಿ ಮೊದಲು ಪ್ಯಾರಿಸ್ ಪ್ರಾಂತಕ್ಕೆ ಹೋಗಿ, ಮನೆ-ಕಟ್ಟಡಗಳನ್ನು ಶುಚಿ ಮಾಡುವ ಕೆಲಸ ಹಿಡಿದು, 1981ರಲ್ಲಿ ಮಕ್ಕಳನ್ನು ಕರೆಸಿಕೊಂಡಳು. ಆಗ ಹುಡುಗನಿಗೆ ಒಂಬತ್ತು ವರ್ಷ.

ಅಲ್ಲಿಯ ಶಾಲೆಯಲ್ಲಿ ಸಹಪಾಠಿಗಳು ಆತನನ್ನು ದೂರದರ್ಶನದ ಚಿತ್ರಮಾಲಿಕೆಯೊಂದರ ಕಪ್ಪು ಹಸುವಿನ ಹೆಸರಿನಿಂದ ಹಂಗಿಸಿದರು. ತಾನು ಕರಿಯನಾದದ್ದು ಒಂಬತ್ತನೆಯ ವಯಸ್ಸಿನಲ್ಲಿ ಎಂಬ ಅರ್ಥದ ಮಾತನ್ನು ತುರಾಮ್ ಮುಂದೆ ಹಲವು ಸಲ ಹೇಳಿದ್ದುಂಟು. ಮೈಬಣ್ಣ ಹುಟ್ಟಿನಿಂದ ಬಂದದ್ದೇ ಸರಿ; ಆದರೆ ಅದಕ್ಕೊಂದು ಕೀಳಾದ ಅರ್ಥವನ್ನು ಹಚ್ಚುವುದು ಸಮಾಜ. ಆತನ ಮುಂದಿನ ಹೋರಾಟದ ಬೀಜ ಇಲ್ಲಿದೆ.

ಇನ್ನು ಆಟದ ವಿಚಾರ. ಫೊಂತೆನ್‌ಬ್ಲೋ ಊರಿನಲ್ಲಿ ಪೋರ್ಚುಗೀಸ್ ವಲಸಿಗರು ಕಟ್ಟಿಕೊಂಡಿದ್ದ ಸಣ್ಣ ಕ್ಲಬ್ಬೊಂದು ಈ ಹುಡುಗನಿಗೆ ಮೊದಲು ಅಂಗಳ ಕೊಟ್ಟಿತು. ಹೊರಗಿನಿಂದ ಬಂದವರು ಕಟ್ಟಿಕೊಂಡ ಸಂಘವೊಂದು ಹೊರಗಿನಿಂದ ಬಂದ ಇನ್ನೊಬ್ಬನಿಗೆ ನೆರವಾದ ಈ ಸಂಗತಿಯನ್ನು ನಾವು ಗಮನಿಸಬೇಕು. ಅಲ್ಲಿಂದ ಮೊನಾಕೊ ಕ್ಲಬ್ಬಿಗೆ ಹೋದ ತುರಾಮ್, ಆರ್ಸೆನ್ ವೆಂಗರ್ ಅವರ ತರಬೇತಿಯಲ್ಲಿ ರಕ್ಷಣಾ ಆಟಗಾರನಾಗಿ ಪಕ್ವವಾದ. 1996ರಲ್ಲಿ ಇಟಲಿಯ ಪಾರ್ಮಾ, 2001ರಲ್ಲಿ ಟ್ಯೂರಿನ್ನಿನ ಯುವೆಂಟಸ್, 2006ರಲ್ಲಿ ಸ್ಪೇನಿನ ಬಾರ್ಸಿಲೋನಾ, ಹೀಗೆ ನಾಲ್ಕು ಕ್ಲಬ್ಬುಗಳಲ್ಲಿ ಆಡಿದ. ವರ್ಗಾವಣೆಯ ಆದೇಶ ಬಂದೊಡನೆ ಗಂಟುಮೂಟೆ ಕಟ್ಟುವ ನೌಕರಿಯಲ್ಲಿರುವ ನನ್ನಂಥವರಿಗೆ ಈ ಬಗೆಯ ಬದುಕು ಅಪರಿಚಿತವಲ್ಲ. ಸಂಬಳದ ಅಂತರವನ್ನು ಮಾತ್ರ ಪ್ರಸ್ತಾಪಿಸದಿರುವುದೇ ಲೇಸು.

ಈ ಸಂಚಾರಕ್ಕೆ ಒಂದು ಕಾನೂನಿನ ಹಿನ್ನೆಲೆಯೂ ಇದೆ. 1995ರ ಡಿಸೆಂಬರ್‌ನಲ್ಲಿ ಬೆಲ್ಜಿಯಮ್ಮಿನ ಜ್ಯಾಂ-ಮಾರ್ಕ್ ಬೊಸ್‌ಮನ್ ಎಂಬ ಆಟಗಾರನ ಮೊಕದ್ದಮೆಯಲ್ಲಿ ಯುರೋಪಿಯನ್ ನ್ಯಾಯಾಲಯವು ಮಹತ್ವದ ತೀರ್ಪನ್ನಿತ್ತಿತು. ಕರಾರಿನ ಅವಧಿ ಮುಗಿದ ಆಟಗಾರನನ್ನು ಹಣಕ್ಕಾಗಿ ಹಿಡಿದಿಡುವಂತಿಲ್ಲ. ಯುರೋಪಿಯನ್ ಒಕ್ಕೂಟದ ಪ್ರಜೆಗಳಿಗೆ ಕ್ಲಬ್ ಆಟದಲ್ಲಿ ವಿದೇಶೀಯರೆಂಬ ಮಿತಿ ಹಾಕುವಂತಿಲ್ಲ ಎಂಬುದು ಅದರ ಸಾರ. ಹೀಗೆ ಗ್ವಾಡಲೂಪಿನ ಹುಡುಗ ಕಾನೂನಿನ ಕಣ್ಣಿನಲ್ಲಿ ಅಪ್ಪಟ ಯುರೋಪಿಯನ್. ಆದರೆ ಕರಿಯ ಆಟಗಾರರನ್ನು ಮಂಗನ ಕೂಗಿನಿಂದ ಅವಮಾನಿಸುವ ಚಾಳಿ ಇಟಲಿಯ ಕ್ರೀಡಾಂಗಣಗಳಲ್ಲಿ ಇತ್ತು. ಇಂದಿಗೂ ಅದು ಅಳಿದಿಲ್ಲ. ಕಾಗದದ ಪೌರತ್ವಕ್ಕೂ ಜನರ ಮನಸ್ಸು ಕೊಡುವ ಪೌರತ್ವಕ್ಕೂ ಇರುವ ಅಂತರ ಇದೇ.

ರಕ್ಷಣಾ ಆಟಗಾರನ ಪಾಡು ವಿಶಿಷ್ಟವಾದುದು. ಆತ ತಡೆದ ಹತ್ತು ದಾಳಿಗಳು ಯಾರಿಗೂ ನೆನಪಿರುವುದಿಲ್ಲ, ತಡೆಯದೆ ಹೋದ ಒಂದು ಎಲ್ಲರಿಗೂ ನೆನಪಿರುತ್ತದೆ. ಕಡತ ನೋಡುವ ಗುಮಾಸ್ತರ ಸ್ಥಿತಿಯೂ ಹೀಗೆಯೆ. ತುರಾಮ್ ಫ್ರಾನ್ಸಿನ ಪರವಾಗಿ 142 ಪಂದ್ಯಗಳನ್ನು ಆಡಿದ. 2022ರ ವಿಶ್ವಕಪ್ಪಿನಲ್ಲಿ ಗೋಲ್‌ಕೀಪರ್ ಹ್ಯೂಗೊ ಲೊರಿಸ್ ಮುರಿಯುವವರೆಗೆ ಪುರುಷರ ತಂಡದಲ್ಲಿ ಅದೇ ದಾಖಲೆಯಾಗಿತ್ತು. ಅಷ್ಟೂ ಪಂದ್ಯಗಳಲ್ಲಿ ಆತ ಹೊಡೆದ ಗೋಲುಗಳು ಕೇವಲ ಎರಡು. ಎರಡೂ ಒಂದೇ ದಿನ, 1998ರ ಜುಲೈ 8ರಂದು, ಪ್ಯಾರಿಸ್ ಬಳಿಯ ವಿಶ್ವಕಪ್ ಸೆಮಿಫೈನಲ್‌ನಲ್ಲಿ. ವಿರಾಮದ ನಂತರ ಕ್ರೊಯೇಷಿಯದ ಶುಕರ್ ಮೊದಲ ಗೋಲು ಹೊಡೆದಾಗ, ರಕ್ಷಣೆಯ ಸಾಲಿಗಿಂತ ಹಿಂದೆ ಉಳಿದು ಶುಕರ್ ಆಫ್‌ಸೈಡ್ ಆಗದಂತೆ ಮಾಡಿದ್ದವನು ತುರಾಮನೇ. ಒಂದೇ ನಿಮಿಷದಲ್ಲಿ ಎದುರಾಳಿಯಿಂದ ಚೆಂಡನ್ನು ಕಸಿದು, ಮುನ್ನುಗ್ಗಿ, ಸಮ ಮಾಡಿದ. ಎಪ್ಪತ್ತನೆಯ ನಿಮಿಷದಲ್ಲಿ ಎಡಗಾಲಿನಿಂದ ಎರಡನೆಯ ಗೋಲು. ಫ್ರಾನ್ಸ್ ಫೈನಲ್ ತಲುಪಿತು, ನಾಲ್ಕು ದಿನಗಳ ಅನಂತರ ಬ್ರೆಜಿಲ್ಲನ್ನು 3-0ರಿಂದ ಸೋಲಿಸಿ ಮೊದಲ ಬಾರಿಗೆ ವಿಶ್ವಕಪ್ ಗೆದ್ದಿತು. ಏಳು ಪಂದ್ಯಗಳಲ್ಲಿ ಆ ತಂಡ ಎದುರಾಳಿಗಳಿಗೆ ಬಿಟ್ಟುಕೊಟ್ಟ ಗೋಲುಗಳು ಎರಡೇ.

ಈ ವಿಜಯಕ್ಕೆ ಎರಡು ವರ್ಷ ಮೊದಲು, 1996ರಲ್ಲಿ, ಬಲಪಂಥೀಯ ನಾಯಕ ಜ್ಯಾಂ-ಮಾರಿ ಲೆ ಪೆನ್ ಇದೇ ತಂಡವನ್ನು ಕೃತಕವಾದುದೆಂದು ಜರೆದಿದ್ದರು. ಹೊರಗಿನವರನ್ನು ಕರೆತಂದು ಫ್ರೆಂಚ್ ತಂಡವೆಂದು ಕರೆಯಲಾಗುತ್ತಿದೆ, ಇವರಲ್ಲಿ ಹಲವರು ರಾಷ್ಟ್ರಗೀತೆಯನ್ನೂ ಹಾಡುವುದಿಲ್ಲ ಎಂಬುದು ಅವರ ಆಕ್ಷೇಪ. 1998ರಲ್ಲಿ ಗೆದ್ದೊಡನೆ ಇದೇ ತಂಡ ಕರಿಯ, ಬಿಳಿಯ, ಅರಬ್ ಮೂಲದವರ ಸೌಹಾರ್ದದ ಸಂಕೇತವೆಂದು ಬೀದಿಬೀದಿಗಳಲ್ಲಿ ಮೆರೆಯಿತು. ಅದಾಗಿ ನಾಲ್ಕೇ ವರ್ಷಕ್ಕೆ, 2002ರ ಏಪ್ರಿಲ್‌ನಲ್ಲಿ, ಅದೇ ಲೆ ಪೆನ್ ರಾಷ್ಟ್ರಾಧ್ಯಕ್ಷ ಚುನಾವಣೆಯ ಎರಡನೆಯ ಸುತ್ತನ್ನು ತಲುಪಿದರು. ಆ ಸುತ್ತಿನಲ್ಲಿ ಅವರು ಭಾರಿ ಅಂತರದಿಂದ ಸೋತದ್ದು ನಿಜ. ಆದರೂ ಒಂದು ಬಟ್ಟಲು ಗೆದ್ದ ಮಾತ್ರಕ್ಕೆ ಸಮಾಜ ಬದಲಾಗುವುದಿಲ್ಲ ಎಂಬುದು ಆಗ ಸ್ಪಷ್ಟವಾಯಿತು.

ತುರಾಮನ ಹಿರಿಮೆ ಇರುವುದು ಇಲ್ಲಿ. ಜಯದ ಮರುದಿನ ದೊರೆತ ಮನ್ನಣೆಯನ್ನು ತನ್ನೊಬ್ಬನದೆಂದು ಕಟ್ಟಿಟ್ಟುಕೊಂಡು ಆತ ಸುಮ್ಮನಿರಲಿಲ್ಲ. 2005ರ ಅಕ್ಟೋಬರ್ ಕೊನೆಯಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳಲು ವಿದ್ಯುತ್ ಕೇಂದ್ರದಲ್ಲಿ ಅಡಗಿದ ಇಬ್ಬರು ಹುಡುಗರು ಸತ್ತಾಗ ಫ್ರಾನ್ಸಿನ ಉಪನಗರಗಳು ಹೊತ್ತಿ ಉರಿದವು. ಆಗ ಒಳಾಡಳಿತ ಸಚಿವರಾಗಿದ್ದ ನಿಕೊಲಾ ಸಾರ್ಕೋಜಿ ಉಪನಗರದ ಪುಂಡುಪೋಕರಿಗಳನ್ನು ತೊಳೆದುಹಾಕುವ ಮಾತನಾಡಿದ್ದರು. ತಾನೂ ಉಪನಗರದಲ್ಲಿ ಬೆಳೆದವನೇ, ಈ ಮಾತು ತನಗೂ ತಾಗುತ್ತದೆ ಎಂದು ತುರಾಮ್ ಬಹಿರಂಗವಾಗಿ ಉತ್ತರಿಸಿದ. ಹಿಂಸೆಯ ಮೂಲವನ್ನು ಹುಡುಕಬೇಡವೆ ಎಂದು ಕೇಳಿದ. ಮರುವರ್ಷದ ಸೆಪ್ಟೆಂಬರ್‌ನಲ್ಲಿ, ಕಾಶಾನ್ ಎಂಬಲ್ಲಿ ಪೊಲೀಸರು ಕಟ್ಟಡವೊಂದರಿಂದ ಹೊರಹಾಕಿದ್ದ ವಲಸಿಗರಲ್ಲಿ ಹಲವರನ್ನು ಆತ ಮತ್ತು ಸಹ ಆಟಗಾರ ಪ್ಯಾಟ್ರಿಕ್ ವಿಯೆರಾ ಫ್ರಾನ್ಸ್-ಇಟಲಿ ಪಂದ್ಯಕ್ಕೆ ತಮ್ಮ ಅತಿಥಿಗಳನ್ನಾಗಿ ಆಹ್ವಾನಿಸಿದರು.

ಆದರೆ ಆತ ಒಂದೇ ಕಡೆಗೆ ವಾಲಿದವನೆಂದು ತಿಳಿಯುವುದು ಸರಿಯಲ್ಲ. 2001ರ ಅಕ್ಟೋಬರ್‌ನಲ್ಲಿ ಫ್ರಾನ್ಸ್-ಅಲ್ಜೀರಿಯ ಪಂದ್ಯದ ನಡುವೆ ತರುಣರು ಮೈದಾನಕ್ಕೆ ನುಗ್ಗಿ ಆಟ ನಿಂತಾಗ, ಅವರಲ್ಲೊಬ್ಬನನ್ನು ಹಿಡಿದು ನಿಲ್ಲಿಸಿ ಕಟುವಾಗಿ ಗದರಿಸಿದವನು ಇದೇ ತುರಾಮ್. 2010ರ ವಿಶ್ವಕಪ್ಪಿನಲ್ಲಿ ಫ್ರೆಂಚ್ ಆಟಗಾರರು ಅಭ್ಯಾಸವನ್ನು ಬಹಿಷ್ಕರಿಸಿದಾಗ, ಕರಿಯನೇ ಆದ ನಾಯಕ ಪ್ಯಾಟ್ರಿಸ್ ಎವ್ರಾ ವಿರುದ್ಧ ಕಠಿಣ ಕ್ರಮವಾಗಬೇಕೆಂದು ಒತ್ತಾಯಿಸಿದವನೂ ಆತನೇ. ಹಕ್ಕನ್ನು ಕೇಳುವವನು ಹೊಣೆಯನ್ನೂ ಹೊರಬೇಕೆಂಬ ನಿಲುವು ಇದು.

2011ರಲ್ಲಿ ಇನ್ನೊಂದು ಪ್ರಕರಣ. ಎಳೆಯ ಆಟಗಾರರ ತರಬೇತಿ ಕೇಂದ್ರಗಳಲ್ಲಿ ಎರಡು ದೇಶಗಳ ಪೌರತ್ವಕ್ಕೆ ಅರ್ಹರಾದ ಹುಡುಗರ ಸಂಖ್ಯೆಗೆ ಮಿತಿ ಹಾಕುವ ಬಗ್ಗೆ ಫ್ರೆಂಚ್ ಫುಟ್‌ಬಾಲ್ ಒಕ್ಕೂಟದ ಸಭೆಯಲ್ಲಿ ಚರ್ಚೆ ನಡೆದದ್ದು ಬಯಲಾಯಿತು. ಆ ಸಭೆಯಲ್ಲಿದ್ದ ತರಬೇತುದಾರ ಲೊರಾಂ ಬ್ಲಾಂ, 1998ರಲ್ಲಿ ತುರಾಮನ ಪಕ್ಕದಲ್ಲಿ ನಿಂತು ರಕ್ಷಣೆ ಮಾಡಿದ ಜೊತೆಗಾರ. ವಿಚಾರಣೆಯಲ್ಲಿ ಬ್ಲಾಂ ದೋಷಮುಕ್ತರಾದರು. ತುರಾಮ್ ಮಾತ್ರ ಹಳೆಯ ಸ್ನೇಹಕ್ಕೆ ಕಟ್ಟುಬೀಳದೆ ಆ ಬಗೆಯ ಚಿಂತನೆಯನ್ನೇ ಖಂಡಿಸಿದ.

2008ರಲ್ಲಿ ಪ್ಯಾರಿಸ್‌ನ ಕ್ಲಬ್ಬೊಂದನ್ನು ಸೇರುವ ಮುನ್ನ ನಡೆದ ವೈದ್ಯಕೀಯ ಪರೀಕ್ಷೆಯಲ್ಲಿ ಹೃದಯದ ದೋಷ ಕಂಡುಬಂದು ಆತನ ಆಟ ಮುಗಿಯಿತು. ಅದೇ ವರ್ಷ ವರ್ಣಭೇದದ ವಿರುದ್ಧ ಶಿಕ್ಷಣ ನೀಡುವ ಪ್ರತಿಷ್ಠಾನವೊಂದನ್ನು ಆರಂಭಿಸಿದ. ಯಾರೂ ವರ್ಣದ್ವೇಷಿಯಾಗಿ ಹುಟ್ಟುವುದಿಲ್ಲ, ಕಲಿತು ಆಗುತ್ತಾರೆ. ಆದ್ದರಿಂದ ಶಾಲೆಯಿಂದಲೇ ಕೆಲಸ ಶುರುವಾಗಬೇಕು ಎಂಬುದು ಅದರ ತಳಹದಿ. 2011ರಲ್ಲಿ ಪ್ಯಾರಿಸ್‌ನ ಕೆ ಬ್ರಾನ್ಲಿ ವಸ್ತುಸಂಗ್ರಹಾಲಯದಲ್ಲಿ, ವಸಾಹತುಗಳ ಜನರನ್ನು ಮೃಗಗಳಂತೆ ಪ್ರದರ್ಶನಕ್ಕಿಟ್ಟ ಇತಿಹಾಸವನ್ನು ಕುರಿತ ಪ್ರದರ್ಶನಕ್ಕೆ ಆತ ಮುಖ್ಯ ಸಂಯೋಜಕನಾಗಿದ್ದ. 1998ರ ತಂಡದ ಇನ್ನೊಬ್ಬ ಆಟಗಾರ, ನ್ಯೂ ಕ್ಯಾಲೆಡೋನಿಯದ ಕ್ರಿಸ್ತಿಯನ್ ಕರಂಬು ಅವರ ಪೂರ್ವಜರನ್ನು 1931ರಲ್ಲಿ ಪ್ಯಾರಿಸ್‌ನಲ್ಲಿ ಹೀಗೆ ಪ್ರದರ್ಶಿಸಲಾಗಿತ್ತು. ಕರಂಬು ರಾಷ್ಟ್ರಗೀತೆಯನ್ನು ಹಾಡದೆ ನಿಂತದ್ದೇಕೆಂದು ಕೇಳುತ್ತಿದ್ದವರು ಈ ಚರಿತ್ರೆಯನ್ನು ಓದಿರಲಿಲ್ಲ.

ತುರಾಮನ ಎಲ್ಲ ಮಾತುಗಳನ್ನೂ ಎಲ್ಲರೂ ಒಪ್ಪಿದ್ದಾರೆಂದಲ್ಲ. ಬಿಳಿಯರ ಮೇಲರಿಮೆಯನ್ನು ಕುರಿತು 2019ರಲ್ಲಿ ಇಟಲಿಯ ಪತ್ರಿಕೆಯೊಂದರಲ್ಲಿ ಆಡಿದ ಮಾತು ಇಡೀ ಜನಾಂಗವನ್ನೇ ದೂಷಿಸುವಂತಿದೆ ಎಂದು ಫ್ರಾನ್ಸಿನಲ್ಲಿ ತೀವ್ರ ಟೀಕೆ ಬಂತು. ಒಂದು ಸಮುದಾಯವನ್ನು ಒಟ್ಟಾರೆ ಹೆಸರಿಟ್ಟು ಮಾತನಾಡುವಾಗ ಎಚ್ಚರ ಬೇಕೆಂಬ ಆಕ್ಷೇಪದಲ್ಲಿ ತಥ್ಯವಿದೆ ಎಂದೇ ನನ್ನ ಭಾವನೆ. ಆದರೆ ಆಟಗಾರ ಬಾಯಿ ಮುಚ್ಚಿಕೊಂಡು ಆಡಬೇಕೆಂಬ ವಾದವನ್ನು ಒಪ್ಪಲಾಗದು.

ಈಗ ನಮ್ಮ ಕಡೆಗೆ ತಿರುಗೋಣ. ಗುಲಾಮಗಿರಿಯ ಚರಿತ್ರೆಯುಳ್ಳ ಜನರ ನೋವಿಗೂ ಭಾಷೆಯ ಕಾರಣಕ್ಕೆ ನಾವು ಕಂಡ ಕಸಿವಿಸಿಗೂ ಹೋಲಿಕೆಯಿಲ್ಲ. ಆದರೂ 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಘೋಷಣೆಗಳು ಹೋಟೆಲು, ಕಛೇರಿಗಳಲ್ಲಿ ದುಡಿಯುತ್ತಿದ್ದ ಕನ್ನಡಿಗರನ್ನೂ ತಟ್ಟಿದ್ದವು. 1991ರ ಡಿಸೆಂಬರ್‌ನಲ್ಲಿ ಕಾವೇರಿಯ ಮಧ್ಯಂತರ ತೀರ್ಪಿನ ಬೆನ್ನಿಗೆ ಬೆಂಗಳೂರಿನಲ್ಲಿ ತಮಿಳರ ಮನೆಗಳ ಮೇಲೆ ದಾಳಿ ನಡೆದದ್ದನ್ನೂ ನಾವು ಮರೆಯಬಾರದು. ಹೊರನಾಡಿನಲ್ಲಿ ನಾವು ಕೇಳುವ ನ್ಯಾಯವನ್ನು ಒಳನಾಡಿಗೆ ಬಂದವರಿಗೂ ಕೊಡಬೇಕಾಗುತ್ತದೆ. ಕನ್ನಡದ ಅಭಿಮಾನಕ್ಕೆ ಇದರಿಂದ ಕುಂದಿಲ್ಲ. ಅಭಿಮಾನದ ಯೋಗ್ಯತೆ ಹೆಚ್ಚುತ್ತದೆ.

ತುರಾಮನ ಹಿರಿಯ ಮಗ ಮಾರ್ಕಸ್ ಹುಟ್ಟಿದ್ದು ಪಾರ್ಮಾದಲ್ಲಿ. ಕರಿಯರ ನಾಯಕ ಮಾರ್ಕಸ್ ಗಾರ್ವಿಯ ಹೆಸರನ್ನೇ ತಂದೆ ಆತನಿಗಿಟ್ಟ. ಆತನೂ ಫ್ರಾನ್ಸಿನ ಆಟಗಾರನಾಗಿ, 2024ರ ಜೂನ್‌ನಲ್ಲಿ ಚುನಾವಣೆಯ ಹೊಸ್ತಿಲಲ್ಲಿ, ಲೆ ಪೆನ್ ಪರಂಪರೆಯ ಪಕ್ಷ ಗೆಲ್ಲದಂತೆ ದಿನವೂ ಹೋರಾಡಬೇಕೆಂದು ಪತ್ರಕರ್ತರ ಮುಂದೆ ಹೇಳಿದ. ತಂದೆ ಎದುರಿಸಿದ ಪ್ರಶ್ನೆಯನ್ನೇ ಮಗನೂ ಎದುರಿಸುತ್ತಿದ್ದಾನೆ. ಗೋಲು ಹೊಡೆದವನಿಗೆ ಮಾತ್ರವಲ್ಲ, ಆ ಹುಡುಗನ ತಾಯಿಯಂತೆ ನೆಲ ಒರೆಸುವವಳಿಗೂ ಅದೇ ಗೌರವ, ಅದೇ ಹಕ್ಕು ಸಲ್ಲುವವರೆಗೆ ಈ ಪ್ರಶ್ನೆ ಮುಗಿಯುವುದಿಲ್ಲ.