ವಾಹನದ ಮೇಲೆ ಬರೆದ ಸರಕಾರದ ಮಾತು
(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಲಸೆಯ ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನಾನು ನಕ್ಕುಬಿಟ್ಟೆ. ಮುಂಬಯಿ ಕನ್ನಡಿಗರೆದುರು ವಲಸೆಯ ಮಾತೆತ್ತುವುದೆಂದರೆ ಮೀನಿಗೆ ಈಜು ಕಲಿಸಿದಂತೆ. ಆದ್ದರಿಂದ ದೂರದ ಬ್ರಿಟನ್ನಿನ ಪ್ರಸಂಗವೊಂದನ್ನು ಆರಿಸಿಕೊಂಡಿದ್ದೇನೆ. ಸರಕಾರವೊಂದು ತನ್ನ ವಲಸೆ ನೀತಿಯನ್ನು ಯಾವ ಭಾಷೆಯಲ್ಲಿ ಸಾರುತ್ತದೆ ಎಂಬುದೂ ಆ ನೀತಿಯ ಒಂದು ಭಾಗವೇ ಎಂದು ನನಗೆ ಮನವರಿಕೆಯಾದದ್ದು ಅದರಿಂದ.

2013ರ ಜುಲೈಯಲ್ಲಿ ಲಂಡನ್ನಿನ ಆರು ಆಡಳಿತ ವಿಭಾಗಗಳಲ್ಲಿ ಜಾಹೀರಾತಿನ ವಾಹನಗಳು ಸುತ್ತಾಡಿದವು. ಇಲ್ಲಿ ಅಕ್ರಮವಾಗಿ ಇದ್ದೀರಾ, ಮನೆಗೆ ಹೋಗಿ, ಇಲ್ಲವಾದರೆ ಬಂಧನ ಎದುರಿಸಿ ಎಂಬುದು ಅವುಗಳ ಮೇಲಿನ ಬರಹದ ತಾತ್ಪರ್ಯ. ಜೊತೆಗೆ ಕೈಕೋಳದ ಚಿತ್ರ. ಕಳೆದ ವಾರ ನಿಮ್ಮ ಪ್ರದೇಶದಲ್ಲಿ 106 ಬಂಧನ ಎಂಬ ಲೆಕ್ಕ. ಬರೆಸಿದ್ದು ಯಾವುದೋ ಪುಂಡರ ಗುಂಪಲ್ಲ, ಗೃಹ ಇಲಾಖೆ. ಸುತ್ತಿದ್ದು ಬ್ರೆಂಟ್, ಈಲಿಂಗ್, ಹೌನ್ಸ್ಲೋ ಮೊದಲಾದ, ಭಾರತೀಯ ಮೂಲದವರು ದಟ್ಟವಾಗಿ ನೆಲೆಸಿರುವ ಕಡೆಗಳಲ್ಲಿ. 'ಮನೆಗೆ ಹೋಗಿ' ಎಂಬ ಈ ಮಾತನ್ನೇ 1970ರ ದಶಕದಲ್ಲಿ ಜನಾಂಗದ್ವೇಷಿಗಳು ಇದೇ ನಗರದ ಗೋಡೆಗಳ ಮೇಲೆ ಗೀಚುತ್ತಿದ್ದರು. ಅದನ್ನು ಓದಿ ಬೆಳೆದವರಿಗೆ, ಅವರ ಬಳಿ ಎಂಥ ಪಾಸ್‌ಪೋರ್ಟ್ ಇದ್ದರೂ, ಆ ವಾಹನ ಕಂಡಾಗ ಏನನ್ನಿಸಿರಬೇಕು?

ಇದರ ಫಲ? ಇಲಾಖೆಯ ಲೆಕ್ಕದಂತೆಯೇ, ವಾಹನ ನೋಡಿ ದೇಶ ಬಿಟ್ಟವರು 11 ಮಂದಿ. ಬಂದ 1,561 ಮೊಬೈಲ್ ಸಂದೇಶಗಳಲ್ಲಿ 1,034 ಕೀಟಲೆಯವು! ಜಾಹೀರಾತು ನಿಯಂತ್ರಣ ಸಂಸ್ಥೆ ಆ 106ರ ಲೆಕ್ಕ ದಾರಿ ತಪ್ಪಿಸುವಂಥದೆಂದು ತೀರ್ಪಿತ್ತಿತು. ಭಾಷೆ ಮಾತ್ರ ಆಕ್ಷೇಪಾರ್ಹವಲ್ಲವೆಂದಿತು. ನನಗೆ ಈ ತೀರ್ಪು ತಲೆಕೆಳಗಾಗಿ ಕಾಣುತ್ತದೆ. ಸಮ್ಮಿಶ್ರ ಸರಕಾರದ ಸಚಿವರೇ ಆದ ವಿನ್ಸ್ ಕೇಬಲ್ ಅದನ್ನು ಮೂರ್ಖತನವೆಂದರು. ಕೊನೆಗೆ ಗೃಹ ಸಚಿವೆ ತೆರೇಸಾ ಮೇ ಅವರೇ ಆ ಪ್ರಯೋಗವನ್ನು ಮುಂದುವರಿಸಲಿಲ್ಲ.

ಸರಕಾರದ ಪರವಾದ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಗಡಿಯನ್ನು ನಿಯಂತ್ರಿಸುವ ಹಕ್ಕು ಎಲ್ಲ ದೇಶಗಳಿಗೂ ಇದೆ. ಜನರ ಆತಂಕಕ್ಕೆ ಆಳುವವರು ಕಿವಿಗೊಡಲೂ ಬೇಕು. ಆದರೆ ಕಿವಿಗೊಟ್ಟದ್ದು ನಿಜವೇ? ನಿವ್ವಳ ವಲಸೆಯನ್ನು ವರ್ಷಕ್ಕೆ ಒಂದು ಲಕ್ಷದೊಳಗೆ ಇಳಿಸುವೆವೆಂದು 2010ರಲ್ಲಿ ಮಾತು ಕೊಟ್ಟ ಪಕ್ಷದ ಆಳ್ವಿಕೆಯಲ್ಲೇ, 2023ರಲ್ಲಿ ಅದು 9 ಲಕ್ಷವನ್ನು ದಾಟಿತು. ಆಸ್ಪತ್ರೆಗೆ ದಾದಿಯರು ಬೇಕು, ವೃದ್ಧರಿಗೆ ಆರೈಕೆದಾರರು ಬೇಕು, ವಿಶ್ವವಿದ್ಯಾಲಯಗಳಿಗೆ ವಿದೇಶಿ ವಿದ್ಯಾರ್ಥಿಗಳ ಶುಲ್ಕ ಬೇಕು. ಒಂದು ಕೈಯಲ್ಲಿ ವೀಸಾ, ಇನ್ನೊಂದರಲ್ಲಿ ಡಂಗುರ.

ಡಂಗುರದ ಪೆಟ್ಟು ಬಿದ್ದದ್ದು ಬೇರೆಯವರ ಬೆನ್ನಿಗೆ. 1948ರಲ್ಲಿ 'ಎಂಪೈರ್ ವಿಂಡ್‌ರಶ್' ಹಡಗು ಬಂದಂದಿನಿಂದ ಕೆರಿಬಿಯನ್ ದ್ವೀಪಗಳ ಸಾವಿರಾರು ಜನ ಬ್ರಿಟನ್ನಿಗೆ ದುಡಿಯಲು ಬಂದರು. 1973ಕ್ಕೆ ಮೊದಲು ನೆಲೆಸಿದವರಿಗೆ ಉಳಿಯುವ ಹಕ್ಕಿತ್ತು. ಅದನ್ನು ತೋರಿಸುವ ಕಾಗದವನ್ನು ಮಾತ್ರ ಎಷ್ಟೋ ಜನರಿಗೆ ಕೊಟ್ಟಿರಲಿಲ್ಲ. 2014 ಮತ್ತು 2016ರ ಕಾಯಿದೆಗಳು ಮನೆಯ ಮಾಲೀಕ, ಬ್ಯಾಂಕು, ಉದ್ಯೋಗದಾತ ಎಲ್ಲರನ್ನೂ ಕಾಗದ ಕೇಳುವ ಕಾವಲುಗಾರರನ್ನಾಗಿ ಮಾಡಿದಾಗ ಈ ವೃದ್ಧರು ಕೆಲಸ, ಮನೆ, ಚಿಕಿತ್ಸೆ ಕಳೆದುಕೊಂಡರು. ಕನಿಷ್ಠ 83 ಮಂದಿಯನ್ನು ತಪ್ಪಾಗಿ ಹೊರಗಟ್ಟಿರಬೇಕೆಂದು ಸರಕಾರವೇ ಒಪ್ಪಿತು. ಅವರು ಬಂದಿಳಿದ ದಿನದ ಹಳೆಯ ಚೀಟಿಗಳನ್ನು ಇಲಾಖೆ 2010ರಲ್ಲಿಯೇ ನಾಶಮಾಡಿತ್ತು. 2018ರ ಏಪ್ರಿಲ್‌ನಲ್ಲಿ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆಯಿತ್ತರು. ಹೊರಗಟ್ಟುವ ಸಂಖ್ಯೆಗೆ ಗುರಿಯೇ ಇಲ್ಲವೆಂದು ಅವರು ಸಂಸತ್ತಿನ ಸಮಿತಿಗೆ ಹೇಳಿದ್ದರು, ಗುರಿ ಇತ್ತು.

ಇಲ್ಲಿ ಕುಳಿತ ಹಿರಿಯರಿಗೆ 1966ರ ನಂತರದ ಈ ನಗರ ನೆನಪಿದ್ದೀತು. ದಕ್ಷಿಣದವರ ವಿರುದ್ಧದ ಘೋಷಣೆಗಳು, ಉಡುಪಿ ಹೋಟೆಲುಗಳ ಒಡೆದ ಗಾಜು. ಅಂದು ಕೂಗಿದ್ದು ಒಂದು ಪಕ್ಷ. ಪೊಲೀಸ್ ಠಾಣೆಗೆ ಹೋಗಿ ದೂರು ಕೊಡುವ ಅವಕಾಶ, ಹೆಸರಿಗಾದರೂ, ನಮಗಿತ್ತು. ಅದೇ ಕೂಗನ್ನು ಸರಕಾರವೇ ವಾಹನದ ಮೇಲೆ ಬರೆಸಿ ಬೀದಿಗೆ ಬಿಟ್ಟರೆ ದೂರು ಕೊಡುವುದು ಯಾರಿಗೆ? ಊರಿನಿಂದ ಬಂದು ಹೋಟೆಲುಗಳಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹಿರಿಯರಲ್ಲಿ ಎಷ್ಟು ಜನರ ಬಳಿ ಬಂದಿಳಿದ ದಿನದ ಚೀಟಿ ಇದೆ?

ನನಗೆ ಕೊಟ್ಟ ಸಮಯ ಮುಗಿದಿದೆ. ಈ ವಿಷಯದಲ್ಲಿ ನನ್ನನ್ನು ಒಪ್ಪದವರು ಈ ಸಭೆಯಲ್ಲೇ ಇದ್ದಾರೆಂದು ಬಲ್ಲೆ. ಅವರ ಪ್ರಶ್ನೆಗಳನ್ನು ಮೊದಲು ಕೇಳಲು ಬಯಸುತ್ತೇನೆ.