ಪುನರ್ಪುಳಿ ಸಿಪ್ಪೆಯೂ ಸ್ತನದ ಗಡ್ಡೆಯೂ



ಈ ಉಪನ್ಯಾಸಕ್ಕೆ ದತ್ತಿಯನ್ನಿಟ್ಟ ಮನೆಯವರು ನನಗೆ ಹಾಕಿದ ಷರತ್ತು ಒಂದೇ: ಸವಣೂರಿನ ಹೆಂಗಸರಿಗೆ ಅರ್ಥವಾಗುವಂತೆ ಮಾತಾಡಬೇಕು. ಹಣ್ಣಿನ ಸಾರಗಳಿಂದ ಸ್ತನ ಕ್ಯಾನ್ಸರ್ ಗುಣವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಹಾಗಾಗಿ ನಿಮ್ಮ ತೋಟದ ಬದಿಯ ಪುನರ್ಪುಳಿಯಿಂದಲೇ ಶುರುಮಾಡುತ್ತೇನೆ.

ಮಳೆ ಹಿಡಿಯುವ ಮೊದಲು ಹಣ್ಣು ಬಿಡಿಸಿ, ಬೀಜ ತೆಗೆದು, ಸಿಪ್ಪೆಯನ್ನು ಅಂಗಳದಲ್ಲಿ ಒಣಗಿಸಿ ಡಬ್ಬಿಗೆ ತುಂಬುವ ಕೆಲಸ ನಿಮಗೆ ಹೊಸತಲ್ಲ. ಆ ಸಿಪ್ಪೆಯನ್ನು ನೀರಿಗೆ ಹಾಕಿದರೆ ಕೆಂಪು ಬಿಡುತ್ತದೆ. ಅದು ಆಂಥೋಸಯನಿನ್, ನೇರಳೆ ಹಣ್ಣಿನಲ್ಲೂ ಇರುವ ಬಣ್ಣದ ಬಳಗ. ಅದೇ ಸಿಪ್ಪೆಯಲ್ಲಿ ನೀರಿಗೆ ಇಳಿಯಲೊಲ್ಲದ ಹಳದಿ ವಸ್ತುವೊಂದಿದೆ, ಗಾರ್ಸಿನಾಲ್. ಅದನ್ನು ಹೊರಗೆ ತೆಗೆಯಲು ಆಲ್ಕೋಹಾಲ್, ಹೆಕ್ಸೇನ್‌ನಂಥ ದ್ರಾವಕ ಬೇಕು. ಸಂಶೋಧಕರ ಕಣ್ಣು ಬಿದ್ದದ್ದು ಈ ಹಳದಿಯ ಮೇಲೆ.

2004ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಒಂದು ಸಂಗತಿಯನ್ನು ಪ್ರಕಟಿಸಿತು. ನಮ್ಮ ಜೀವಕೋಶಗಳಲ್ಲಿ ಡಿಎನ್‌ಎ ಎಂಬ ಉದ್ದನೆಯ ಎಳೆ ಹಿಸ್ಟೋನ್ ಎಂಬ ಪ್ರೋಟೀನುಗಳ ಸುತ್ತ, ರೀಲಿಗೆ ನೂಲು ಸುತ್ತಿದ ಹಾಗೆ, ಸುತ್ತಿಕೊಂಡಿರುತ್ತದೆ. ಸುತ್ತು ಸಡಿಲವಾದ ಕಡೆ ಜೀನುಗಳು ಕೆಲಸ ಶುರುಮಾಡುತ್ತವೆ. ಸಡಿಲ ಮಾಡುವ ಕಿಣ್ವಗಳಲ್ಲಿ ಒಂದರ ಹೆಸರು ಪಿ300. ಗಾರ್ಸಿನಾಲ್ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ ಎಂಬುದು ಅವರು ಕಂಡದ್ದು. ಕ್ಯಾನ್ಸರ್ ಕೋಶದಲ್ಲಿ ತೆರೆಯಬಾರದ ಜೀನು ತೆರೆದಿರುವುದುಂಟು, ಆದ್ದರಿಂದ ಆಸೆ ಹುಟ್ಟುವುದು ಸಹಜ. 2013ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ವಿಶ್ವವಿದ್ಯಾಲಯದವರೂ ಇದೇ ಕುಂಡು ಅವರೂ ಸೇರಿ ಗಾರ್ಸಿನಾಲನ್ನು ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಪ್ರಯೋಗಿಸಿದರು. ಕೋಶಗಳು ಬೆಳೆಯುವುದು ಕುಂದಿತು.

ಈ ಎಂಸಿಎಫ್-7 ಯಾರದು? 1970ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಸ್ತನ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಒಬ್ಬ ಕ್ಯಾಥೊಲಿಕ್ ಸನ್ಯಾಸಿನಿಯದು. ಆಕೆ ಅದೇ ವರ್ಷ ತೀರಿಕೊಂಡರು. ಆಕೆಯ ಎದೆಯಿಂದ ತೆಗೆದ ನೀರಿನಲ್ಲಿದ್ದ ಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಾಲಯಗಳ ತಟ್ಟೆಗಳಲ್ಲಿ ಬೆಳೆಯುತ್ತಲೇ ಇವೆ. ಹಣ್ಣಿನ ಸಾರ ಸ್ತನ ಕ್ಯಾನ್ಸರನ್ನು ಕೊಂದಿತು ಎಂಬ ಸುದ್ದಿ ಬಂದರೆ, ಬಹಳ ಸಲ ಸತ್ತದ್ದು ಈ ಕೋಶಗಳೇ. ತಟ್ಟೆಯಲ್ಲಿ ಹೊಟ್ಟೆಯಿಲ್ಲ, ಲಿವರಿಲ್ಲ, ರಕ್ತ ಓಡುವುದಿಲ್ಲ. ಸಾರ ನೇರವಾಗಿ ಕೋಶದ ಮೇಲೆ ಬೀಳುತ್ತದೆ.

ಈಗ ನಿಮ್ಮ ಲೋಟಕ್ಕೆ ಬನ್ನಿ. ಪುನರ್ಪುಳಿ ಶರಬತ್ತು ನೀರಿನಲ್ಲಿ ಮಾಡಿದ್ದು, ಸಾರೂ ಹಾಗೆಯೇ. ಗಾರ್ಸಿನಾಲ್ ನೀರಿಗೆ ಬರುವುದಿಲ್ಲ ಎಂದೆನಲ್ಲ? ಪತ್ರಿಕೆಯಲ್ಲಿ ಓದಿ ದಿನಕ್ಕೆರಡು ಲೋಟ ಕುಡಿಯುವವರಿಗೆ ಸಿಗುವುದು ಹುಳಿ, ಕೆಂಪು ಬಣ್ಣ, ಹಾಕಿದ್ದರೆ ಸಕ್ಕರೆ. ಜಕ್ಕೂರಿನವರಿಗೂ ಸಿಪ್ಪೆಯ ಗಾರ್ಸಿನಾಲ್ ಹಾಗೆಯೇ ಸಾಕಾಗಲಿಲ್ಲ. ಒಂದೇ ಕಿಣ್ವವನ್ನು ಗುರಿಯಿಡುವಷ್ಟು ನಿಖರವಾಗಿರಲಿಲ್ಲ, ವಿಷದ ಗುಣವೂ ಇತ್ತು. ಅದರ ಅಣುವನ್ನು ತಿದ್ದಿ ಎಲ್‌ಟಿಕೆ-14 ಎಂಬುದನ್ನು 2007ರಲ್ಲಿ ಮುಂದಿಟ್ಟರು. ಗಾರ್ಸಿನಾಲ್ ಕ್ಯಾನ್ಸರ್‌ಗೆ ಅನುಮತಿ ಪಡೆದ ಔಷಧಿ ಇವತ್ತಿಗೂ ಅಲ್ಲ. ಗಿಡದಿಂದ ಮದ್ದು ಬರುವುದಿಲ್ಲವೆಂದಲ್ಲ. ಸ್ತನ ಕ್ಯಾನ್ಸರ್‌ಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಯೂ ಮರದ ತೊಗಟೆಯಿಂದ ಬಂದದ್ದೇ. ತೊಗಟೆ ಕಿತ್ತದ್ದು 1962ರಲ್ಲಿ, ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1992ರಲ್ಲಿ. ಸ್ತನ ಕ್ಯಾನ್ಸರ್‌ಗೆ ಇನ್ನೆರಡು ವರ್ಷ ತಡವಾಗಿ.

ಲಕ್ಷ್ಮಣಫಲದ ಮಾತು ಬಾರದೆ ಈ ಸಭೆ ಮುಗಿಯುವುದಿಲ್ಲವೆಂದು ಗೊತ್ತು. ಕೀಮೋಗಿಂತ ಹತ್ತು ಸಾವಿರ ಪಟ್ಟು ಬಲ ಎಂಬ ವಾಟ್ಸಾಪ್ ಸಂದೇಶ ನಿಮ್ಮೆಲ್ಲರ ಫೋನಿನಲ್ಲೂ ಇದ್ದೀತು. ಅದೂ ತಟ್ಟೆಯ ಪ್ರಯೋಗವನ್ನು ಉಬ್ಬಿಸಿದ್ದು. ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣನ್ನೂ ಎಲೆಯ ಕಷಾಯವನ್ನೂ ಹೆಚ್ಚಾಗಿ ಬಳಸುವವರಲ್ಲಿ ಪಾರ್ಕಿನ್ಸನ್ನಿನಂಥ ನರರೋಗ ಕಾಣುತ್ತಿದೆ ಎಂದು 1999ರಲ್ಲೇ ವೈದ್ಯರು ಬರೆದರು. ಅಪರೂಪಕ್ಕೊಂದು ಹಣ್ಣು ತಿಂದವರು ಹೆದರಬೇಕಿಲ್ಲ. ಎಲೆ ಕುದಿಸಿ ತಿಂಗಳುಗಟ್ಟಲೆ ಕುಡಿಯುವುದು ಬೇರೆ ವಿಷಯ.

ಸಾರವನ್ನು ಗಟ್ಟಿಮಾಡಿ ಕ್ಯಾಪ್ಸೂಲಿಗೆ ತುಂಬಿದಾಗ ತೊಂದರೆಯೂ ಗಟ್ಟಿಯಾಗುತ್ತದೆ. ಪುನರ್ಪುಳಿಯದೇ ಕುಲದ ಉಪ್ಪಾಗೆಯಿಂದ ಮಾಡಿದ, ತೂಕ ಇಳಿಸುವ ಗಾರ್ಸೀನಿಯಾ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕೀಮೋದಲ್ಲಿರುವವರ ಲಿವರಿಗೆ ಮೊದಲೇ ಸಾಕಷ್ಟು ಹೊರೆ.

ನನಗೆ ನಿಜವಾಗಿ ಭಯವಿರುವುದು ಹಣ್ಣಿನದ್ದಲ್ಲ, ಹೋದ ಕಾಲದ್ದು. 2018ರಲ್ಲಿ ಪ್ರಕಟವಾದ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರ ಅಧ್ಯಯನದಲ್ಲಿ, ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬದಲಿ ಮದ್ದನ್ನೇ ನಂಬಿದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಅಪಾಯ 5 ಪಟ್ಟಿಗೂ ಮಿಗಿಲಾಗಿತ್ತು. ಗಡ್ಡೆ ಕೈಗೆ ಸಿಕ್ಕಿದ ಮೇಲೆ ನೋವಿಲ್ಲವಲ್ಲ, ನಾಚಿಕೆ, ಅಡಿಕೆ ಕೊಯ್ಲು ಮುಗಿಯಲಿ, ಮಗಳ ಮದುವೆ ಆಗಲಿ ಎಂದು ತಿಂಗಳು ದೂಡುವವರಿದ್ದಾರೆ. ಆ ತಿಂಗಳುಗಳಿಗೆ ಒಂದು ಬಾಟಲಿ ಸಾರ ಒಳ್ಳೆಯ ನೆಪವಾಗುತ್ತದೆ. ನೋವಿಲ್ಲದ ಗಡ್ಡೆಯನ್ನೇ ಬೇಗ ತೋರಿಸಬೇಕು.

ತೋರಿಸಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಮುಂಬೈಯ ಟಾಟಾ ಮೆಮೋರಿಯಲ್‌ನವರು 1998ರಿಂದ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿಕೊಂಡು ಪ್ರಯೋಗ ನಡೆಸಿದರು. ಅರ್ಧದಷ್ಟು ಜನರಿಗೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಹತ್ತಿರಹತ್ತಿರ ಶೇ. 30ರಷ್ಟು ಕಡಿಮೆಯಾಯಿತು, ಕಿರಿಯರಲ್ಲಿ ಅಂಥ ಲಾಭ ಕಾಣಲಿಲ್ಲ. ಯಾವ ಹಣ್ಣಿನ ಸಾರದ ಲೆಕ್ಕದಲ್ಲೂ ನಾನು ಇಂಥ ಅಂಕಿ ನೋಡಿಲ್ಲ. ನಿಮ್ಮ ಆಶಾ ಅಕ್ಕನನ್ನು ಕೇಳಿದರೆ ಈ ಪರೀಕ್ಷೆ ಎಲ್ಲಿ ಮಾಡುತ್ತಾರೆಂದು ಹೇಳುತ್ತಾರೆ. 30 ದಾಟಿದವರಿಗೆ ಸರ್ಕಾರದ ತಪಾಸಣೆಯಲ್ಲಿ ಇದೂ ಸೇರಿದೆ.

ಚಿಕಿತ್ಸೆಯಲ್ಲಿರುವವರು ಪುನರ್ಪುಳಿ ಸಾರು ಉಣ್ಣಬಹುದೇ ಎಂದು ಆಗಲೇ ಒಬ್ಬರು ಚೀಟಿ ಕಳಿಸಿದ್ದಾರೆ. ಬಾಯಿಗೆ ರುಚಿಸಿದರೆ ಧಾರಾಳವಾಗಿ ಉಣ್ಣಿ. ಕೀಮೋದಿಂದ ಬಾಯಿ ಹುಣ್ಣಾಗಿದ್ದರೆ ಹುಳಿ ಉರಿಯುತ್ತದೆ, ಆ ದಿನಗಳಲ್ಲಿ ಬೇಡ. ಪುಡಿ, ಕ್ಯಾಪ್ಸೂಲು, ಕಷಾಯ ಯಾವುದನ್ನಾದರೂ ತೆಗೆದುಕೊಳ್ಳುತ್ತಿದ್ದರೆ ಬಾಟಲಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಡಿ. ಬೈದರೂ ಪರವಾಗಿಲ್ಲ.